ಎರಡು ದಡದ ರಂಜಾನ್

ಸಂಜೆ ಆರೂವರೆಗೆ ಚಾಂದ್‌ಖೇಡಾದ ನ್ಯೂ ಸಿ.ಜಿ. ರಸ್ತೆ ಕಿಕ್ಕಿರಿಯುತ್ತದೆ. ದಿನವಿಡೀ ಬಿಸಿಲಿಗೆ ಬಾಗಿಲು ಹಾಕಿಕೊಂಡು ಕೂತ ಜನ ಒಮ್ಮೆಲೇ ಹೊರಗೆ ಬೀಳುತ್ತಾರೆ. ಪಾನಿಪೂರಿಯ ಗಾಡಿ, ದಾಬೇಲಿಯ ಗಾಡಿ, ಕಬ್ಬಿನ ಹಾಲಿನ ಗಾಣ, ಐಸ್ ಗೋಲಾದವನ ಬಣ್ಣಬಣ್ಣದ ಬಾಟಲಿಗಳ ಸಾಲು. ಒಂದು ಸೊಸೈಟಿಯ ಗೇಟಿನೊಳಗಿನ ಪುಟ್ಟ ಗುಡಿಯಲ್ಲಿ ಆರತಿಯ ಗಂಟೆ ಬಾರಿಸಿದರೆ, ಅದು ನಿಲ್ಲುವ ಮೊದಲೇ ಪಕ್ಕದ ಸೊಸೈಟಿಯ ಗಂಟೆ ಶುರು. ಮಾರ್ಚ್ ಕೊನೆಗೆ ಇಲ್ಲಿನ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಬಂದು ನಿಂತಿರುತ್ತದೆ. ಸೂರ್ಯ ಇಳಿದ ಮೇಲೂ ಡಾಂಬರು ಕಾದೇ ಇರುತ್ತದೆ.

ಊರಿಗೆ ಹೊಸದಾಗಿ ಬಂದಿಳಿದವರಿಗೆ ಇದು ರಂಜಾನ್ ತಿಂಗಳು ಎಂದು ಹೇಳುವ ಗುರುತು ಈ ರಸ್ತೆಯಲ್ಲಿ ಕಾಣುವುದು ಕಷ್ಟ. ಖರ್ಜೂರದ ರಾಶಿ ಇಲ್ಲ, ಹಸಿರು ದೀಪದ ಸರ ಇಲ್ಲ, ಬಾಂಗಿನ ದನಿ ಇಲ್ಲ. ಅಹಮದಾಬಾದಿನ ರಂಜಾನ್ ಇರುವುದು ಸಾಬರ್ಮತಿಯ ಆಚೆ ದಡದಲ್ಲಿ, ಕೋಟೆಯೊಳಗಿನ ಹಳೆಯ ಊರಿನಲ್ಲಿ. ಈಚೆ ದಡದಲ್ಲೇ ಇದ್ದರೂ ನಗರದ ದಕ್ಷಿಣದ ಮೂಲೆಗೆ ಸರಿದಿರುವ ಜುಹಾಪುರಾ ಮತ್ತು ಸರಖೇಜ್‌ಗಳಲ್ಲಿ. ಉತ್ತರದ ತುದಿಯ ಚಾಂದ್‌ಖೇಡಾಕ್ಕೆ ಅದು ಪತ್ರಿಕೆಯ ಸುದ್ದಿಯಾಗಿ ಮಾತ್ರ ತಲುಪುತ್ತದೆ.

ಆದರೆ ಇಲ್ಲಿಯೂ ಕೆಲವು ಬಾಗಿಲುಗಳ ಹಿಂದೆ ರೋಜಾ ನಡೆಯುತ್ತಿರುತ್ತದೆ. ಧಾರವಾಡ ಬಿಟ್ಟು ಬಂದ ನಮ್ಮಂಥ ಮನೆಯವರಿಗೆ ಅದು ಕಂಡದ್ದು ಮೆಟ್ಟಿಲ ಮೇಲೆ.

ಚಾಂದ್‌ಖೇಡಾ ಹಿಂದೊಂದು ಹಳ್ಳಿ. ಅದನ್ನು ಇಂದಿನ ಊರಾಗಿ ಬೆಳೆಸಿದವರಲ್ಲಿ ಎಣ್ಣೆ ಹುಡುಕಲು ಬಂದವರ ಪಾಲು ದೊಡ್ಡದು. 1958ರಲ್ಲಿ ಖಂಭಾತ್ ಬಳಿಯ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ, 1961ರಲ್ಲಿ ಇಲ್ಲಿಗೆ ಸಮೀಪದ ಕಲೋಲ್‌ನಲ್ಲಿ ಎಣ್ಣೆ ಸಿಕ್ಕಿತು. ತೈಲ ಸಂಸ್ಥೆ ಓ.ಎನ್.ಜಿ.ಸಿ.ಯ ಕಚೇರಿ ‘ಅವನಿ ಭವನ’ ಇರುವುದು ಇಲ್ಲೇ. ಅದರ ಕಾಲೊನಿ, ಕೇಂದ್ರೀಯ ವಿದ್ಯಾಲಯ, ಆಟದ ಮೈದಾನ ಎಲ್ಲವೂ ಇಲ್ಲೇ. ಅಸ್ಸಾಮಿನವರು, ಆಂಧ್ರದವರು, ಬಿಹಾರದವರು, ಕೇರಳದವರು, ನಾವು ಕನ್ನಡದವರು, ಎಲ್ಲರೂ ವರ್ಗಾವಣೆಯ ಕಾಗದ ಹಿಡಿದು ಬಂದು ಸೇರುವ ಜಾಗ. ಊರಿನ ಉಳಿದ ಭಾಗಗಳಲ್ಲಿ ಬಾಡಿಗೆಗೆ ಮನೆ ಹುಡುಕುವವನ ಹೆಸರು, ಜಾತಿ, ಅಡುಗೆಮನೆ ಮೂರನ್ನೂ ವಿಚಾರಿಸುವುದುಂಟು. ಕಂಪನಿ ಕ್ವಾರ್ಟರ್ಸಿನಲ್ಲಿ ಮನೆ ಸಿಗುವುದು ಹುದ್ದೆ ಮತ್ತು ಸರದಿಯ ಮೇಲೆ. ಹೀಗಾಗಿ ಒಂದೇ ಮೆಟ್ಟಿಲ ಎದುರುಬದುರಿನ ಎರಡು ಬಾಗಿಲಲ್ಲಿ ಒಂದಕ್ಕೆ ಬೇವು-ಮಾವಿನ ತೋರಣ, ಇನ್ನೊಂದರ ಮೇಲೆ ಅರಬ್ಬಿ ಅಕ್ಷರದ ಪಟ್ಟಿ ಇರುವುದು ಸಾಧ್ಯವಾಗುತ್ತದೆ.

ಈ ನಗರದಲ್ಲಿ ಅದು ಸಣ್ಣ ಸಂಗತಿಯಲ್ಲ. ಗುಜರಾತಿನಲ್ಲಿ 1991ರಿಂದ ಜಾರಿಯಲ್ಲಿರುವ ಕಾಯ್ದೆಯೊಂದಿದೆ. ಜನರ ಬಾಯಲ್ಲಿ ಅದು ‘ಅಶಾಂತ ಧಾರೊ’. ಗಲಭೆಗೆ ತುತ್ತಾಗಬಹುದೆಂದು ಘೋಷಿಸಿದ ಪ್ರದೇಶದಲ್ಲಿ ಮನೆ ಮಾರಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಭಯದಿಂದ ಜನ ಕಡಿಮೆ ಬೆಲೆಗೆ ಮನೆ ಮಾರಿ ಓಡಬಾರದು ಎಂಬುದು ಅದರ ಉದ್ದೇಶವಾಗಿತ್ತು. ಆಚರಣೆಯಲ್ಲಿ ಒಂದು ಧರ್ಮದವರ ಓಣಿಯಲ್ಲಿ ಇನ್ನೊಂದು ಧರ್ಮದವರು ಮನೆ ಕೊಳ್ಳುವುದೇ ಅಪರೂಪವಾಯಿತು. 1969, 1985, 2002 — ಒಂದೊಂದು ಗಲಭೆಯ ನಂತರವೂ ಜನ ತಮ್ಮವರ ನಡುವೆ ಹೋಗಿ ಸೇರಿಕೊಂಡರು. 1973ರ ಪ್ರವಾಹದಲ್ಲಿ ಮನೆ ಕಳೆದುಕೊಂಡ ಹಿಂದೂ, ಮುಸ್ಲಿಂ ಬಡವರೆಲ್ಲರಿಗೂ ನೆಲೆಯೆಂದು ಶುರುವಾದ ಜುಹಾಪುರಾ ಇಂದು ಬಹುತೇಕ ಮುಸ್ಲಿಮರದ್ದೇ ಊರು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದು, ರೋಜಾ ಹಿಡಿದ ನೆರೆಯವರನ್ನು ಒಮ್ಮೆಯೂ ಹತ್ತಿರದಿಂದ ನೋಡದ ಮಕ್ಕಳು ಇಲ್ಲಿ ಬಹಳ. ಹೊರಗಿನಿಂದ ಬಂದ ನಮಗೆ ಕ್ವಾರ್ಟರ್ಸಿನ ಮೆಟ್ಟಿಲು ಆ ಅವಕಾಶ ಕೊಟ್ಟಿತು.

ಎದುರು ಮನೆಯವರು ಭರೂಚ್ ಕಡೆಯವರು. ರಂಜಾನಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ಬೀಳುತ್ತದೆ. ಕುಕ್ಕರು ಸೀಟಿ ಹಾಕದಂತೆ ಆ ಮನೆಯಾಕೆ ಪಾತ್ರೆಯಲ್ಲೇ ಬೇಯಿಸುತ್ತಾರೆ. ನಮ್ಮ ನಿದ್ದೆ ಕೆಡಬಾರದೆಂದು. ಸೆಹರಿಯ ಊಟದ ಹೊತ್ತು ಮುಗಿಯುವ ಮೊದಲು ಅಲ್ಲಿನ ಅಜ್ಜ ಒಂದು ದೊಡ್ಡ ಲೋಟ ನೀರನ್ನು ಮೂರು ಉಸಿರಿನಲ್ಲಿ, ಕೂತೇ ಕುಡಿಯುತ್ತಾರೆ. ಆಮೇಲೆ ಸುಮಾರು ಹದಿಮೂರು ತಾಸು ಏನೂ ಇಲ್ಲ, ಗುಟುಕು ನೀರೂ ಇಲ್ಲ. ಆ ಮನೆಯ ಹುಡುಗಿಯ ಅಪ್ಪ ಅದೇ ಹೊಟ್ಟೆಯಲ್ಲಿ ಕಲೋಲ್ ಕಡೆಯ ಬಾವಿಗಳಿಗೆ ಹೋಗುವ ಬಸ್ಸು ಹತ್ತುತ್ತಾರೆ. ಅಲ್ಲಿ ಬಿಸಿಲಿಗೆ ತಲೆಯ ಮೇಲೆ ಹೆಲ್ಮೆಟ್ಟು, ಮೈಮೇಲೆ ದಪ್ಪ ಬಟ್ಟೆ.

ನಮ್ಮ ಮಕ್ಕಳಿಗೆ ಮೊದಲ ಪ್ರಶ್ನೆ ನೀರಿನದ್ದೇ. ಏಕಾದಶಿ ಅವರಿಗೆ ಗೊತ್ತು, ಶಿವರಾತ್ರಿ ಗೊತ್ತು. ಅಲ್ಲಿ ಹಣ್ಣು, ಹಾಲು, ಸಾಬೂದಾಣಿ ನಡೆಯುತ್ತದೆ. ನೀರೂ ಕುಡಿಯದ ಉಪವಾಸ, ಅದೂ ತಿಂಗಳಿಡೀ, ಅವರ ಕಲ್ಪನೆಗೆ ನಿಲುಕಲಿಲ್ಲ. ಎದುರು ಮನೆಯ ಹುಡುಗಿಯೇ ವಿವರಿಸಿದಳು. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿ-ಬಾಣಂತಿಯರಿಗೆ ವಿನಾಯಿತಿ ಇದೆ. ಬಿಟ್ಟ ರೋಜಾವನ್ನು ಆಮೇಲೆ ತುಂಬಿಕೊಡಬಹುದು. ಚಿಕ್ಕವರಿಗೆ ಕಡ್ಡಾಯವಿಲ್ಲ, ಆದರೂ ಹಟ ಮಾಡಿ ಒಂದೆರಡು ಹಿಡಿಯುತ್ತಾರೆ. ಮೊದಲ ರೋಜಾ ಪೂರೈಸಿದ ಮಗುವಿಗೆ ಹೊಸ ಬಟ್ಟೆ ಹಾಕಿ, ಹಾರ ಹಾಕಿ, ನೆಂಟರನ್ನು ಕರೆಯುತ್ತಾರೆ. ಉಪವಾಸದ ಜೊತೆಗೇ ಕೊಡುವುದೂ ಇದೆ: ವರ್ಷದ ಉಳಿಕೆಯಲ್ಲಿ ನೂರಕ್ಕೆ ಎರಡೂವರೆ ರೂಪಾಯಿ ಜಕಾತ್, ಹಬ್ಬದ ನಮಾಜಿಗೆ ಮುಂಚೆ ಮನೆಯ ಪ್ರತಿ ತಲೆಗೆ ಲೆಕ್ಕ ಹಾಕಿ ಬಡವರಿಗೆ ಫಿತ್ರಾ. ಹುಡುಗಿ ಇದನ್ನೆಲ್ಲ ಶಾಲೆಯ ಪಾಠ ಒಪ್ಪಿಸಿದಂತೆ ಹೇಳಿ, ಕೊನೆಗೆ ನಮ್ಮ ಮಗನಿಗೆ, ‘ನೀನು ನನ್ನೆದುರು ನೀರು ಕುಡಿ, ನನಗೇನೂ ಆಗೋದಿಲ್ಲ’ ಎಂದಳು.

ಆ ಮಾತಿನಲ್ಲಿ ಬಹಳ ಅರ್ಥವಿದೆ. ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ನಮ್ಮ ನೆಂಟರಿಷ್ಟರು ರಂಜಾನನ್ನು ಕಾನೂನಿನ ಮೂಲಕವೂ ಬಲ್ಲರು. ಕುವೈತ್‌ನಲ್ಲಿ ರಂಜಾನಿನ ಹಗಲು ಸಾರ್ವಜನಿಕವಾಗಿ ತಿನ್ನುವುದನ್ನೂ ಕುಡಿಯುವುದನ್ನೂ 1968ರ ಕಾನೂನೊಂದು ನಿಷೇಧಿಸುತ್ತದೆ. ದುಬೈನ ಹೋಟೆಲುಗಳು ಹಗಲಲ್ಲಿ ಪರದೆ ಎಳೆದುಕೊಂಡೇ ಊಟ ಬಡಿಸಬೇಕಿತ್ತು. 2021ರಲ್ಲಿ ಆ ಕಟ್ಟಳೆ ಸಡಿಲವಾಯಿತು. ಯು.ಎ.ಇ.ಯಲ್ಲಿ ಖಾಸಗಿ ಕಂಪನಿಯ ನೌಕರರಿಗೆ, ಅವರು ಯಾವ ಧರ್ಮದವರೇ ಇರಲಿ, ಆ ತಿಂಗಳು ದಿನಕ್ಕೆ ಎರಡು ತಾಸು ಕೆಲಸ ಕಡಿತ. ಅಲ್ಲಿರುವ ಮಂಗಳೂರಿನ, ಉಡುಪಿಯ, ಬೆಂಗಳೂರಿನ ಮನೆಗಳ ಮಕ್ಕಳು ಶಾಲೆಯಲ್ಲಿ ಡಬ್ಬಿ ತೆರೆಯುವ ಜಾಗವನ್ನೂ ಹೊತ್ತನ್ನೂ ಕಲಿತು ಬೆಳೆಯುತ್ತಾರೆ. ಚಾಂದ್‌ಖೇಡಾದಲ್ಲಿ ಅಂಥ ಕಟ್ಟಳೆ ಏನೂ ಇಲ್ಲ. ಇಲ್ಲಿ ರೋಜಾ ಹಿಡಿದವರೇ ಕಡಿಮೆ. ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳದ ಕಡೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ನೆರೆಹೊರೆತನ.

ಹಾಗಾಗಿ ಸಣ್ಣಪುಟ್ಟ ಬದಲಾವಣೆಗಳು ತಾವಾಗಿಯೇ ಆದವು. ಬ್ಲಾಕಿನ ಮೀಟಿಂಗನ್ನು ಸಂಜೆ ಏಳರಿಂದ ಒಂಬತ್ತೂವರೆಗೆ ಸರಿಸಿದೆವು. ಮಧ್ಯಾಹ್ನ ಅವರ ಮನೆಯ ಬೆಲ್ ಒತ್ತುವುದನ್ನು ಮಕ್ಕಳು ಬಿಟ್ಟರು. ಬೆಳಗಿನ ಜಾವ ಎದ್ದವರು ಆಗ ಕಣ್ಣು ಮುಚ್ಚಿರುತ್ತಾರೆ. ನಮ್ಮ ಒಗ್ಗರಣೆಯ ವಾಸನೆ ಮೆಟ್ಟಿಲು ದಾಟಿ ಹೋಗುವುದನ್ನು ತಡೆಯಲಾಗದು. ಅದಕ್ಕೆ ಎದುರು ಮನೆಯಾಕೆ, ‘ಬೇನ್, ನಿಮ್ಮ ಸಾರಿನ ವಾಸನೆ ಬಂದರೆ ಇನ್ನೆಷ್ಟು ಹೊತ್ತು ಉಳಿದಿದೆ ಅಂತ ಗೊತ್ತಾಗುತ್ತೆ’ ಎಂದು ನಗುತ್ತಾರೆ.

ಸೂರ್ಯ ಮುಳುಗಿದಾಗಿನ ಮಗ್ರಿಬ್ ಬಾಂಗು ಚಾಂದ್‌ಖೇಡಾದಲ್ಲಿ ಕೇಳದು. ಅವರ ಮನೆಯಲ್ಲಿ ರೋಜಾ ಬಿಡುವುದು ಫೋನಿನ ಬಾಂಗಿಗೆ. ಫ್ರಿಜ್ಜಿನ ಮೇಲೆ ಅಂಟಿಸಿದ ಮಸೀದಿಯ ವೇಳಾಪಟ್ಟಿಯಲ್ಲಿ ಸೆಹರಿ, ಇಫ್ತಾರಿ ಎಂದು ಎರಡು ಸಾಲು, ಕೆಳಗೆ ನಿಮಿಷ ನಿಮಿಷದ ಲೆಕ್ಕ. ನೆಲದ ಮೇಲೆ ಹಾಸಿದ ದಸ್ತರಖಾನ್. ಸ್ಟೀಲಿನ ತಟ್ಟೆಯಲ್ಲಿ ಖರ್ಜೂರ, ತ್ರಿಕೋನವಾಗಿ ಕತ್ತರಿಸಿದ ಕಲ್ಲಂಗಡಿ, ಪಪಾಯಿ, ಈಗಷ್ಟೇ ಎಣ್ಣೆಯಿಂದ ತೆಗೆದ ಮೆಂತ್ಯದ ಭಜಿಯಾ, ಗಾಜಿನ ಜಗ್ಗಿನಲ್ಲಿ ಕೆಂಪಗೆ ರೂಹ್ ಅಫ್ಜಾ. ಎಲ್ಲವೂ ಕಣ್ಣೆದುರು, ಆದರೆ ಯಾರ ಕೈಯೂ ಮುಂದೆ ಹೋಗದು. ಅಜ್ಜ ಅಂಗೈ ಮೇಲೆ ಮಾಡಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾರೆ. ಹುಡುಗಿ ಖರ್ಜೂರವನ್ನು ಬೆರಳಲ್ಲಿ ಹಿಡಿದು, ಬೀಜ ತೆಗೆದು ಕಾಯುತ್ತಾಳೆ. ಫೋನು ದನಿ ತೆಗೆಯುತ್ತದೆ. ಮೊದಲ ತುಂಡು, ಮೊದಲ ಗುಟುಕು. ಎಲ್ಲರ ಗಂಟಲೂ ಒಮ್ಮೆ ಅಲುಗುತ್ತದೆ. ಅಪ್ಪ ಕಣ್ಣು ಮುಚ್ಚಿ ಎರಡನೆಯ ಗುಟುಕು ಕುಡಿಯುವಾಗ, ದಿನದ ಬಿಸಿಲೆಲ್ಲ ಅವರ ಮುಖದಿಂದ ಇಳಿದು ಹೋಗುವುದು ಎದುರಿಗೆ ಕೂತ ನಮಗೆ ಕಾಣುತ್ತದೆ. ಆಮೇಲೆ ನಮ್ಮ ಕಡೆಗೂ ತಟ್ಟೆ ಬರುತ್ತದೆ. ನಮಗೆಂದೇ ಬೇರೆ ಎಣ್ಣೆಯಲ್ಲಿ ಕರಿದ ಭಜಿಯಾ ಎಂದು ಆಕೆ ಹೇಳುವುದಿಲ್ಲ. ಬೇರೆ ಬಾಣಲೆ ಒಲೆಯ ಮೇಲಿರುವುದು ನಮಗೆ ತಾನಾಗಿ ಕಾಣುತ್ತದೆ.

ಒಟ್ಟಿಗೆ ಉಪವಾಸ ಮಾಡುವ ಮಾತಿಗೆ ಇಲ್ಲಿಗೆ ಹತ್ತಿರದ ಒಂದು ಹೆಸರು ಗಾಂಧೀಜಿ. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಮುಸ್ಲಿಂ ಹುಡುಗರಿಗೆ ರೋಜಾ ಹಿಡಿಯಲು ಅವರು ಉತ್ತೇಜನ ಕೊಟ್ಟರು; ಅವರ ಜೊತೆಗೆ ಹಿಂದೂ, ಪಾರ್ಸಿ, ಕ್ರೈಸ್ತ ಹುಡುಗರೂ ಉಪವಾಸ ಇದ್ದರು. ಮುಸ್ಲಿಮೇತರರು ನೀರು ಕುಡಿಯಬಹುದಿತ್ತು. ಸೂರ್ಯ ಮುಳುಗುವ ಮೊದಲೇ ಅವರು ತಮ್ಮ ಊಟ ಮುಗಿಸುತ್ತಿದ್ದರು, ರೋಜಾ ಬಿಡುವ ಗೆಳೆಯರಿಗೆ ರುಚಿರುಚಿಯಾಗಿ ಮಾಡಿ ಬಡಿಸಲು ಕೈ ಬಿಡುವಾಗಿರಲೆಂದು. ಆತ್ಮಕಥೆಯಲ್ಲಿ ಗಾಂಧೀಜಿ ಇದನ್ನು ಬರೆದಿದ್ದಾರೆ. ದಕ್ಷಿಣ ಆಫ್ರಿಕಾದ ಸಂಗಾತಿ ಇಮಾಮ್ ಸಾಹೇಬ್ ಅಬ್ದುಲ್ ಕಾದಿರ್ ಬಾವಜೀರ್ ಆಮೇಲೆ ಸಾಬರ್ಮತಿ ಆಶ್ರಮಕ್ಕೂ ಬಂದು ನೆಲೆಸಿದರು. ಅವರ ಮನೆ ‘ಇಮಾಮ್ ಮಂಜಿಲ್’ ಆಶ್ರಮದಲ್ಲಿ ಈಗಲೂ ಇದೆ. ಚಾಂದ್‌ಖೇಡಾದಿಂದ ಊರೊಳಗೆ ಹೋಗುವ ದಾರಿಯಲ್ಲೇ ಆ ಆಶ್ರಮ.

ಆಚೆ ದಡದ ರಂಜಾನ್ ನೋಡಲು ಈಗ ದಾರಿ ಸುಲಭ. 2024ರ ಸೆಪ್ಟೆಂಬರಿನಲ್ಲಿ ಮೆಟ್ರೋ ಮೊಟೇರಾದಿಂದ ಗಾಂಧಿನಗರದ ಕಡೆಗೆ ಚಾಚಿಕೊಂಡ ಮೇಲೆ ನಮ್ಮೂರಿಗೂ ನಿಲ್ದಾಣ ಬಂತು. ವಿಶ್ವಕರ್ಮ ಕಾಲೇಜಿನ ಬಳಿ ಹತ್ತಿದರೆ ಕ್ರಿಕೆಟ್ ಸ್ಟೇಡಿಯಂ, ಸಾಬರ್ಮತಿ ರೈಲು ಹಳಿಗಳು, ಸೊಸೈಟಿಗಳ ತಾರಸಿಗಳು ಕಿಟಕಿಯಲ್ಲಿ ಹಾದುಹೋಗುತ್ತವೆ. ಓಲ್ಡ್ ಹೈಕೋರ್ಟ್‌ನಲ್ಲಿ ಇಳಿದು ಬೇರೆ ರೈಲು. ಅದು ನದಿಯ ಮೇಲೆ ಹಾಯುತ್ತದೆ. ನರ್ಮದೆಯ ಕಾಲುವೆಯಿಂದ ತುಂಬಿಸಿದ ಸಾಬರ್ಮತಿ ಇಳಿಬಿಸಿಲಿಗೆ ಹಿತ್ತಾಳೆ ಬಣ್ಣಕ್ಕೆ ತಿರುಗಿರುತ್ತದೆ. ದಡ ಮುಟ್ಟಿದ್ದೇ ರೈಲು ನೆಲದೊಳಗೆ ಇಳಿದು ಶಾಹಪುರ್ ದಾಟಿ ಘೀಕಾಂಟಾದಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಬೇರೆಯದೇ ಕಾಲ, ಬೇರೆಯದೇ ಸದ್ದು. ಪೋಳ ಎಂಬ ಓಣಿಗಳ ಇಕ್ಕಟ್ಟಿನ ಬಾಯಿಗಳು, ಕೆತ್ತನೆಯ ಮರದ ಮನೆಗಳು, ಜಗಲಿಯ ಮೇಲೆ ಕೂತ ಮುದುಕಿಯರು, ಕಂಬದ ತುದಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ.

1411ರಲ್ಲಿ ಸುಲ್ತಾನ್ ಅಹಮದ್ ಶಾ ಈ ನಗರ ಕಟ್ಟಿದ. ಮಧ್ಯಾಹ್ನದ ನಮಾಜನ್ನು ಎಂದೂ ತಪ್ಪಿಸದ ನಾಲ್ವರು ಅಹಮದರು ಸೇರಿ ಇದಕ್ಕೆ ಗೆರೆ ಎಳೆದರು ಎಂಬುದು ಜನರ ನಂಬಿಕೆ. ಅವರಲ್ಲೊಬ್ಬರು ಸರಖೇಜಿನ ಸಂತ ಶೇಖ್ ಅಹಮದ್ ಖಟ್ಟು. ಹಗಲು ಕಟ್ಟಿದ ಗೋಡೆಯನ್ನು ರಾತ್ರಿ ಬೀಳಿಸುತ್ತಿದ್ದ ಮಾಣೇಕ್‌ನಾಥ ಬಾವಾನ ಕಥೆಯೂ ಜೊತೆಗಿದೆ. ಅವನ ಹೆಸರು ಮಾಣೇಕ್ ಚೌಕಕ್ಕೆ ಉಳಿಯಿತು. 2017ರಲ್ಲಿ ಯುನೆಸ್ಕೊ ಈ ಕೋಟೆಯೂರನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಭಾರತದಲ್ಲಿ ಆ ಮನ್ನಣೆ ಮೊದಲು ಪಡೆದ ನಗರ ಇದೇ.

ತೀನ್ ದರವಾಜಾದ ಮೂರು ಕಮಾನುಗಳ ಕೆಳಗೆ ರಂಜಾನಿನ ಸಂಜೆ ಕಾಲಿಡಲು ಜಾಗವಿರದು. ತಳ್ಳುಗಾಡಿಗಳ ಮೇಲೆ ಖರ್ಜೂರದ ಗುಡ್ಡಗಳು: ಕಪ್ಪಗಿನದು, ಜೇನು ಬಣ್ಣದ್ದು, ಒಣಗಿ ಸುಕ್ಕಾದದ್ದು. ನೂಲಿನಂಥ ಸುತರ್‌ಫೇಣಿಯ ಬಿಳಿ ಉಂಡೆಗಳು, ಹುರಿದ ಶಾವಿಗೆಯ ಕಟ್ಟುಗಳು, ಅತ್ತರಿನ ಪುಟ್ಟ ಶೀಷೆಗಳು, ಕ್ರೋಶಾ ಟೋಪಿಗಳು, ಬಳೆಗಳು. ಪಕ್ಕದ ಢಾಲ್‌ಗರವಾಡದ ಬಟ್ಟೆ ಅಂಗಡಿಗಳಲ್ಲಿ ಸೀರೆ, ಡ್ರೆಸ್ ಪೀಸುಗಳು ಕೌಂಟರಿನಿಂದ ಗಿರಾಕಿಯ ಮಡಿಲಿಗೆ ಹಾರುತ್ತಿರುತ್ತವೆ. ಮಾರುವವನು ಹಿಂದೂ, ಕೊಳ್ಳುವವಳು ಮುಸ್ಲಿಂ. ಮುಂದಿನ ಅಂಗಡಿಯಲ್ಲಿ ಅದು ತಿರುವುಮುರುವು. ಬೇರೆಬೇರೆ ಕಡೆ ಮನೆ ಮಾಡಿಕೊಂಡ ನಗರ ವ್ಯಾಪಾರಕ್ಕೆ ಇಲ್ಲಿ ಒಂದಾಗುತ್ತದೆ.

ಈ ದ್ವಾರದ ಗೋಡೆಯಲ್ಲಿ ನಿಂತು ನೋಡಬೇಕಾದ ಎರಡು ಸಂಗತಿಗಳಿವೆ. ಒಂದು, ಗೂಡಿನಲ್ಲಿ ಉರಿಯುವ ದೀಪ. ಊರು ಬಿಟ್ಟು ಹೊರಟ ಲಕ್ಷ್ಮಿಯನ್ನು ಖ್ವಾಜಾ ಸಿದ್ದಿಕ್ ಎಂಬ ಕೊತ್ವಾಲ ಬಾಗಿಲಲ್ಲಿ ತಡೆದ, ದೊರೆಯ ಅಪ್ಪಣೆ ತರುವವರೆಗೆ ನಿಲ್ಲು ಎಂದು ಮಾತು ತೆಗೆದುಕೊಂಡ, ತಾನು ಮರಳದಿದ್ದರೆ ಅವಳು ಹೋಗುವಂತಿಲ್ಲವೆಂದು ತನ್ನ ತಲೆಯನ್ನೇ ಕೊಟ್ಟ ಎಂಬ ಐತಿಹ್ಯ. ನಗರದಲ್ಲಿ ಲಕ್ಷ್ಮಿ ನಿಂತ ನೆನಪಿನ ಈ ದೀಪಕ್ಕೆ ಎಣ್ಣೆ ಹಾಕುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ. ಇನ್ನೊಂದು, ಮರಾಠರ ಸುಬೇದಾರ ಚಿಮಣಾಜಿ ರಘುನಾಥ 1812ರಲ್ಲಿ ಹಾಕಿಸಿದ ಶಾಸನ: ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲಬೇಕಾದ ಪಾಲು ತಕರಾರಿಲ್ಲದೆ ಸಲ್ಲಲಿ, ಮೀರಿದ ಹಿಂದೂ ಮಹಾದೇವನಿಗೆ ಉತ್ತರ ಹೇಳಬೇಕು, ಮೀರಿದ ಮುಸಲ್ಮಾನ ಅಲ್ಲಾಹನಿಗೆ ಉತ್ತರ ಹೇಳಬೇಕು ಎಂಬ ಅರ್ಥದ್ದು. ಒಂದೇ ಕಲ್ಲಿನ ಮೇಲೆ ಎರಡೂ ಮನೆಯ ಹೆಣ್ಣುಮಕ್ಕಳ ಪರವಾಗಿ ಬರೆದ ಮಾತು ಅದು.

ಅಲ್ಲಿಂದ ನಾಲ್ಕು ಹೆಜ್ಜೆ ಜಾಮಾ ಮಸೀದಿ. 1424ರಲ್ಲಿ ಮುಗಿದ ಕಟ್ಟಡ. 260 ಕಂಬಗಳು ಹದಿನೈದು ಗುಮ್ಮಟಗಳನ್ನು ಹೊತ್ತಿವೆ. 1819ರ ಕಚ್ಛ್ ಭೂಕಂಪದಲ್ಲಿ ಬಿದ್ದ ಮಿನಾರುಗಳ ಬುಡ ಮಾತ್ರ ಉಳಿದಿದೆ. ಹೊಂಬಣ್ಣದ ಮರಳುಗಲ್ಲಿನ ವಿಶಾಲ ಅಂಗಳದ ನಡುವೆ ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡುವ ಕೊಳ. ಆರು ಗಂಟೆಗೇ ಅಂಗಳದಲ್ಲಿ ಉದ್ದುದ್ದ ಹಾಸುಗಳು ಬಿಚ್ಚಿಕೊಳ್ಳುತ್ತವೆ. ಹುಡುಗರು ಬಾಗಿ ಬಾಗಿ ಕಾಗದದ ತಟ್ಟೆ ಇಡುತ್ತ ಓಡುತ್ತಾರೆ. ಹಿಂದೆ ಒಬ್ಬ ಖರ್ಜೂರ, ಅವನ ಹಿಂದೆ ಒಬ್ಬ ಬಾಳೆಹಣ್ಣು, ಅವನ ಹಿಂದೆ ಶರಬತ್ತಿನ ಬಕೆಟ್ಟು. ಕೂರುವವರಲ್ಲಿ ಯಾರು ಯಾರ ಪಕ್ಕ ಎಂಬ ಲೆಕ್ಕವಿಲ್ಲ. ಕೂಲಿಯ ಹಮಾಲ, ಬಟ್ಟೆ ಅಂಗಡಿಯ ಸಾಹುಕಾರ, ಕಾಲೇಜಿನ ಹುಡುಗ, ಭಿಕ್ಷುಕ, ದಾರಿಹೋಕ. ಮೆಟ್ಟಿಲ ಅಂಚಿನಲ್ಲಿ ಕೂತ ನಮ್ಮ ಮುಂದೂ ತಟ್ಟೆ ಬಂತು. ರೋಜಾ ಇದೆಯೋ ಇಲ್ಲವೋ ಎಂದು ಕೇಳಿದವರಿಲ್ಲ. ಕೊಳದ ಮೇಲಿನ ಪಾರಿವಾಳಗಳು ಎದ್ದು ಗುಮ್ಮಟ ಸುತ್ತುತ್ತಿದ್ದವು. ಬಾಂಗು ಕೂಗಿತು. ಅಷ್ಟು ದೊಡ್ಡ ಅಂಗಳ ಒಮ್ಮೆಲೇ ಮಾತು ನಿಲ್ಲಿಸಿತು. ಆಮೇಲೆ ಕೇಳಿದ್ದು ತಟ್ಟೆಗಳ ಸರಪರ ಸದ್ದು ಮಾತ್ರ.

ನಮಾಜು ಮುಗಿದ ಮೇಲೆ ಭಟಿಯಾರ್ ಗಲ್ಲಿಯ ಒಲೆಗಳಿಗೆ ಕೈ ತುಂಬ ಕೆಲಸ. ಹೆಸರೇ ಹೇಳುವಂತೆ ಅದು ಅಡುಗೆಯವರ ಓಣಿ. ಕಬಾಬಿನ ಹೊಗೆ, ಬಾರಾ ಹಂಡಿಯ ಮುಚ್ಚಳ ತೆಗೆದಾಗ ಏಳುವ ಆವಿ, ಬೆರಳ ತುದಿಯಲ್ಲಿ ಹಿಡಿಯುವಷ್ಟು ಪುಟ್ಟ ಸಮೋಸಾಗಳು. ಶಾಕಾಹಾರಿಗಳಾದ ನಮಗೆ ತುಪ್ಪದಲ್ಲಿ ಬಿಟ್ಟ ಮಾಲ್‌ಪುವಾ, ಮಣ್ಣಿನ ಬಟ್ಟಲಿನ ಫಿರ್ನಿ, ಫಾಲೂದಾ. ಲಾಲ್ ದರವಾಜಾದ ‘ಲಕ್ಕಿ’ ಹೋಟೆಲಿನಲ್ಲಿ ಹಳೆಯ ಗೋರಿಗಳ ನಡುವೆಯೇ ಮೇಜು ಹಾಕಿದ್ದಾರೆ. ಗೋರಿಗಳಿಗೆ ಹೂವು ಇಟ್ಟು ದಿನದ ವ್ಯಾಪಾರ ನಡೆಯುತ್ತದೆ. ಗೋಡೆಯ ಮೇಲೆ ಎಂ.ಎಫ್. ಹುಸೇನ್ ಕೊಟ್ಟ ಚಿತ್ರವಿದೆ. ಅಲ್ಲಿನ ಚಹಾ ಮತ್ತು ಮಸ್ಕಾ ಬನ್ನಿಗೆ ಧರ್ಮಭೇದವಿಲ್ಲದೆ ಜನ ಸೇರುತ್ತಾರೆ.

ಸೂರತ್ತಿಗೆ ಹೋದರೆ ತಾಪಿಯ ದಡದ ರಾಂದೇರ್‌ನಲ್ಲಿ ಇನ್ನೊಂದು ರಂಜಾನ್. ಅಲ್ಲಿನ ಮುಸ್ಲಿಂ ವರ್ತಕರು ಹಿಂದೆ ರಂಗೂನಿನ ಜೊತೆ ವ್ಯಾಪಾರ ಮಾಡಿದವರು. ಅವರು ತಂದ ಬರ್ಮಾದ ತಿನಿಸು ಖಾವ್‌ಸಾ ಇಂದಿಗೂ ರಾಂದೇರಿನ ರಂಜಾನ್ ಬಜಾರಿನ ಬಟ್ಟಲಲ್ಲಿದೆ, ಪಕ್ಕದಲ್ಲೇ ಆಲೂಪೂರಿ. ಒಂದು ಕಾಲಕ್ಕೆ ಹಜ್‌ಗೆ ಹಡಗು ಹತ್ತುವವರು ಸೇರುತ್ತಿದ್ದ ಬಂದರು ಸೂರತ್. ಆ ಯಾತ್ರಿಕರು ತಂಗಲು ಷಾಜಹಾನನ ಕಾಲದಲ್ಲಿ ಕಟ್ಟಿದ ಮುಘಲ್ ಸರಾಯಿಯಲ್ಲೇ ಈಗ ಮಹಾನಗರಪಾಲಿಕೆಯ ಕಚೇರಿ ನಡೆಯುತ್ತಿದೆ.

ಬಜಾರಿನ ಬೆಳಕನ್ನಷ್ಟೇ ಕಂಡು ಹಿಂತಿರುಗಿದರೆ ಅಹಮದಾಬಾದನ್ನು ಅರ್ಧ ಕಂಡಂತೆ. 1946ರ ಜುಲೈ 1ರಂದು ರಥಯಾತ್ರೆಯ ದಿನ ಗಲಭೆ ಎದ್ದಾಗ ವಸಂತರಾವ್ ಹೆಗಿಷ್ಟೆ ಮತ್ತು ರಜಬ್ ಅಲಿ ಲಾಖಾಣಿ ಎಂಬ ಇಬ್ಬರು ಗೆಳೆಯರು ಅದನ್ನು ತಡೆಯಲು ಹೋಗಿ ಪ್ರಾಣ ಕೊಟ್ಟರು. ನಗರ ಅವರ ಹೆಸರನ್ನು ಒಟ್ಟಿಗೇ ಹೇಳುತ್ತದೆ: ವಸಂತ-ರಜಬ್. ಜಮಾಲಪುರದಲ್ಲಿ ಅವರ ನೆನಪಿಗೆ ಬಂಧುತ್ವ ಸ್ಮಾರಕವಿದೆ. ಅದೇ ಜಮಾಲಪುರದ ಜಗನ್ನಾಥ ಮಂದಿರದ ಮಹಂತರಿಗೆ ಅಲ್ಲಿನ ಮುಸ್ಲಿಮರು ರಥಯಾತ್ರೆಗೆ ಮೊದಲು ಬೆಳ್ಳಿಯ ಪುಟ್ಟ ರಥವನ್ನು ಕಾಣಿಕೆ ಕೊಡುವುದುಂಟು. 1946ರ ಬಳಿಕವೂ ಗಲಭೆಗಳಾದವು, ಸಾವುಗಳಾದವು. ವಸಂತ-ರಜಬರಂಥವರು ಎಲ್ಲ ಕಾಲಕ್ಕೂ ಇದ್ದರು, ಸಾಕಷ್ಟು ಇರಲಿಲ್ಲ ಎಂಬುದೇ ಈ ನಗರದ ನೋವು.

2025ರ ರಂಜಾನ್ ಮಾರ್ಚ್ 2ಕ್ಕೆ ಶುರುವಾಯಿತು. ಹೋಳಿಯ ಬಣ್ಣದಾಟದ ದಿನವಾದ ಧುಳೇಟಿ ಮಾರ್ಚ್ 14ರ ಶುಕ್ರವಾರವೇ ಬಂದಿತು. ದೇಶದ ಹಲವೆಡೆ ಮಸೀದಿಗಳು ಜುಮ್ಮಾ ನಮಾಜಿನ ಹೊತ್ತನ್ನು ಹಿಂದೆಮುಂದೆ ಮಾಡಿಕೊಂಡವು. ನಮ್ಮ ಬ್ಲಾಕಿನ ಹುಡುಗರು ಬೆಳಗ್ಗೆಯೇ ಬಣ್ಣದಾಟ ಮುಗಿಸಿ ಮೆಟ್ಟಿಲು ತೊಳೆದಿಟ್ಟರು, ಬಿಳಿ ಬಟ್ಟೆಯ ಅಜ್ಜ ನಮಾಜಿಗೆ ಹೊರಡುವ ಮುಂಚೆ. ಅಜ್ಜ ಹಣೆ ಮುಂದೆ ಚಾಚಿ ತಾವೇ ಒಂದು ಚಿಟಿಕೆ ಗುಲಾಲು ಹಚ್ಚಿಸಿಕೊಂಡು, ಒರೆಸಿಕೊಂಡು, ನಡೆದರು.

ಆ ವರ್ಷ ಯುಗಾದಿ ಮಾರ್ಚ್ 30, ರಂಜಾನ್ ಹಬ್ಬ ಮಾರ್ಚ್ 31. ಯುಗಾದಿಯ ಸಂಜೆ ಚಂದ್ರನನ್ನು ನೋಡುವುದು ನಮ್ಮ ಮನೆತನದ ಪದ್ಧತಿ. ಅದೇ ಸಂಜೆ ಎದುರು ಮನೆಯವರೂ ತಾರಸಿಗೆ ಬಂದರು, ಈದ್‌ನ ಚಾಂದ್ ನೋಡಲು. ಇಬ್ಬರೂ ಹುಡುಕಿದ್ದು ಪಶ್ಚಿಮದಲ್ಲಿ, ಅದೇ ಅಂಚಿನಲ್ಲಿ, ಅದೇ ಎಳೆಯ ಚಂದ್ರನನ್ನು. ನಮ್ಮದೂ ಅವರದೂ ಚಾಂದ್ರಮಾನದ ತಿಂಗಳೇ. ವ್ಯತ್ಯಾಸ ಇಷ್ಟೇ: ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ; ಸೌರ ವರ್ಷಕ್ಕೆ ಹೊಂದಿಸಲು ನಾವು ನಡುನಡುವೆ ಅಧಿಕಮಾಸ ಸೇರಿಸುತ್ತೇವೆ, ಅವರು ಸೇರಿಸುವುದಿಲ್ಲ. ಅದಕ್ಕೇ ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೇಸಿಗೆಯ ರೋಜಾ, ಮಳೆಗಾಲದ ರೋಜಾ, ಚಳಿಯ ರೋಜಾ ಒಬ್ಬರ ಆಯುಷ್ಯದಲ್ಲೇ ಬಂದುಹೋಗುತ್ತವೆ.

ಮರುದಿನ ಬೆಳಗ್ಗೆ ಎದುರು ಮನೆಯಿಂದ ಬಂದ ತಟ್ಟೆಯಲ್ಲಿ ಬೇಯಿಸದ ಶಾವಿಗೆ, ಸಕ್ಕರೆ, ಬಾದಾಮಿ, ಚಾರೋಳಿ, ಒಣಖರ್ಜೂರ. ಬೇರೆ ಮನೆಯ ಪಾತ್ರೆಯ ಅಡುಗೆ ಒಗ್ಗದ ಹಿರಿಯರಿದ್ದರೆ ಅವರೂ ತಿನ್ನಲಿ ಎಂದು ಒಣ ಸಾಮಾನು ಕಳಿಸುವ ಈ ಪದ್ಧತಿ ನಮ್ಮ ಧಾರವಾಡದ ಓಣಿಗಳಲ್ಲೂ ಇದೆ. ಹಾಲು ಕಾಯಿಸಿ ಸುರಕುಂಬಾ ಮಾಡಿದೆವು. ಬದಲಿಗೆ ಹೋದದ್ದು ಯುಗಾದಿಯ ಹೋಳಿಗೆ, ಒಂದು ಬಟ್ಟಲಲ್ಲಿ ಬೇವು-ಬೆಲ್ಲ. ಬೇವನ್ನು ಮೊದಲು ಬಾಯಿಗಿಟ್ಟವರು ಅಜ್ಜ. ತಿಂಗಳಿಡೀ ಹಸಿದವರಿಗೆ ಕಹಿ ಹೊಸದಲ್ಲ ಎಂದರು.

ನೌಕರಿಗೆಂದು ಬೇರೆ ಊರಿಗೆ ಹೋಗುವ ಕನ್ನಡದ ಮನೆಗಳಿಗೆ ಹೇಳಬೇಕಾದ್ದು ಒಂದೇ ಮಾತು. ಊರಿನವರು ತಮ್ಮತಮ್ಮಲ್ಲೇ ಎಳೆದುಕೊಂಡ ಗೆರೆಗಳು ಹೊರಗಿನಿಂದ ಬಂದವರನ್ನು ಇನ್ನೂ ಕಟ್ಟಿಹಾಕಿರುವುದಿಲ್ಲ. ಆ ಸ್ವಾತಂತ್ರ್ಯ ಬಹಳ ದಿನ ಉಳಿಯದು. ಉಳಿದಿರುವಾಗಲೇ ಎದುರು ಬಾಗಿಲು ತಟ್ಟಬೇಕು. ಹಬ್ಬದ ದಿನ ಹೋಗಿ ಶುಭಾಶಯ ಹೇಳುವುದು ಸುಲಭ. ಹಸಿವಿನ ದಿನ ಹೋಗಿ ಪಕ್ಕದಲ್ಲಿ ಕೂರಬೇಕು. 2027ರ ಮಹಾಶಿವರಾತ್ರಿ ಮಾರ್ಚ್ 6ಕ್ಕೆ ಬರುತ್ತದೆ, ರಂಜಾನಿನ ಕೊನೆಯ ಹತ್ತು ರಾತ್ರಿಗಳ ಒಳಗೇ. ಅಂದು ಮೆಟ್ಟಿಲ ಎರಡೂ ಕಡೆಯ ಮನೆಗಳಲ್ಲಿ ಉಪವಾಸ, ಎರಡೂ ಕಡೆ ಜಾಗರಣೆ. ನಿಮ್ಮ ಎದುರು ಮನೆಯಲ್ಲಿ ರೋಜಾ ಇದ್ದರೆ ಆ ರಾತ್ರಿಯ ಹಣ್ಣಿನ ತಟ್ಟೆಯನ್ನು ಈಗಲೇ ಮಾತನಾಡಿಟ್ಟುಕೊಳ್ಳಿ.